ಏಳು ನಿಮಿಷದ ಊಟ

ಗೋರೆಗಾಂವ್ ಸ್ಟೇಷನ್ನಿನ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಮೂರನೆಯ ಬಾಗಿಲೇ ದೂಜಣ್ಣನ ಹೋಟೆಲು. ಒಂಬತ್ತು ಟೇಬಲು, ಹನ್ನೊಂದು ಮಂದಿ ಕೆಲಸದವರು, ಗಲ್ಲಾದ ಹಿಂದೆ ದೂಜಣ್ಣ. ಅಲ್ಲಿಗೆ ಕೆಲಸ ಕೇಳಿಕೊಂಡು ಯಾರೇ ಬರಲಿ, ಅಡುಗೆಯವನಾಗಲಿ, ಸಪ್ಲೈಯರ್ ಆಗಲಿ, ದೂಜಣ್ಣನ ಬಾಯಿಂದ ಬರುತ್ತಿದ್ದ ಮೊದಲ ಮಾತು ಒಂದೇ.

“ಕೂತ್ಕೊ ಮಾರಾಯ. ಮೊದಲು ಊಟ ಮಾಡು.”

ಬಂದವನ ಕಣ್ಣಲ್ಲಿ ನೀರೇ ಬರಬೇಕು! ಕೆಲಸ ಕೇಳಿದರೆ ಮುಖವನ್ನೂ ಎತ್ತದೆ ಕೈಯಾಡಿಸಿ ಓಡಿಸುವ ಬೊಂಬಾಯಿಯಲ್ಲಿ ಇಂಥ ಧಣಿಯೂ ಉಂಟೇ ಅಂತ ಅವನು ಬೆರಗಾಗಿ ಕೂತರೆ, ಮುಂದೆ ತಾಟು ಬರುತ್ತಿತ್ತು. ಬಿಸಿ ಅನ್ನ, ಹಬೆಯಾಡುವ ಸಾಂಬಾರು, ಪಲ್ಯ, ಹಪ್ಪಳ, ಮಜ್ಜಿಗೆ. ಅವನು ಮೊದಲ ತುತ್ತು ಕಲಸುವ ಹೊತ್ತಿಗೆ ಸರಿಯಾಗಿ ದೂಜಣ್ಣ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಕೈಯಿಂದ ವಾಚು ಬಿಚ್ಚಿ, ಉಪ್ಪಿನ ಬಟ್ಟಲಿಗೆ ಒರಗಿಸಿ ಇಡುತ್ತಿದ್ದ. ಇಟ್ಟು ನೋಡುತ್ತಿದ್ದ. ಒಮ್ಮೆ ಮುಳ್ಳನ್ನು, ಒಮ್ಮೆ ತಾಟನ್ನು, ಒಮ್ಮೆ ಉಣ್ಣುವವನ ಗಂಟಲನ್ನು!

ಏಳು ನಿಮಿಷ. ಅಷ್ಟರೊಳಗೆ ತಾಟು ಖಾಲಿಯಾದರೆ ನಾಳೆಯಿಂದ ಕೆಲಸ. ಎಂಟಾದರೆ, “ಊಟ ಆಯ್ತಲ್ಲ? ಒಳ್ಳೇದಾಯ್ತು. ಹೋಗಿ ಬಾ.”

ಹೆಂಡತಿ ಸೇವಂತಿ ಎಷ್ಟೋ ಸಲ ಹೇಳಿದ್ದಳು. “ಅಲ್ಲ, ಅಡುಗೆಯವನ ಕೈಯಲ್ಲಿ ಅಡುಗೆ ಮಾಡಿಸಿ ನೋಡುವುದು ಬಿಟ್ಟು ಊಟ ಮಾಡಿಸಿ ನೋಡುವವರು ಬೊಂಬಾಯಿಯಲ್ಲಿ ನೀವು ಒಬ್ಬರೇ ಇರಬೇಕು.”

“ಅಡುಗೆ ಕಲಿಸಬಹುದು. ಚುರುಕು ಕಲಿಸಲಿಕ್ಕೆ ಆಗ್ತದಾ? ಉಣ್ಣುವಾಗ ಎಳೆಯುವವ ದುಡಿಯುವಾಗಲೂ ಎಳೀತಾನೆ. ನನ್ನನ್ನು ತೆಗೊಂಡದ್ದು ಹೇಗೆ? ಮರೆತಿಯಾ?”

ಮರೆಯುವುದು ಹೇಗೆ! ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಸೇವಂತಿ ಆ ಕಥೆಯನ್ನು ಕೇಳಿದ್ದಕ್ಕೆ ಲೆಕ್ಕವೇ ಇಲ್ಲ. ಐವತ್ತೊಂದನೆಯ ಇಸವಿ. ಮಂಗಳೂರಿನ ಹಡಗಿನಿಂದ ಇಳಿದ ದೂಜ ಎರಡು ದಿನ ತಿರುಗಿ ತಿರುಗಿ ಗಿರಗಾಂವಿನ ಧರ್ಮಣ್ಣ ಧಣಿಯ ಹೋಟೆಲಿನ ಮುಂದೆ ನಿಂತಿದ್ದಾನೆ. ಧಣಿ ಅವನನ್ನು ಕೂರಿಸಿ ಊಟ ಹಾಕಿಸುತ್ತಾರೆ. ಎದುರಿಗೇ ನಿಂತು ಜೇಬಿನಿಂದ ಸರಪಳಿ ಗಡಿಯಾರ ತೆಗೆದು ನೋಡುತ್ತಾರೆ. ದೂಜ ಉಂಡು ಏಳುವಾಗ ಇನ್ನೊಮ್ಮೆ ನೋಡುತ್ತಾರೆ. “ಪರವಾಗಿಲ್ಲ, ಏಳು ನಿಮಿಷ. ನಾಳೆಯಿಂದ ಬಾ.” ಅಷ್ಟೇ! ತಾಟು ತೊಳೆಯುವವನಾಗಿ ಸೇರಿದ ದೂಜ ಸಪ್ಲೈಯರ್ ಆದ, ರಾತ್ರಿಶಾಲೆಯಲ್ಲಿ ಓದು ಬರಹ ಕಲಿತ, ಮ್ಯಾನೇಜರ್ ಆದ, ಅರವತ್ತಾರರಲ್ಲಿ ಸ್ವಂತ ಹೋಟೆಲು ಮಾಡಿದ. ಈ ಎಲ್ಲಕ್ಕೂ ಬೇರು ಆ ಏಳು ನಿಮಿಷ ಅಂತ ಅವನ ನಂಬಿಕೆ. ದೇವರ ಪಟದ ಕೆಳಗೆ ಧರ್ಮಣ್ಣ ಧಣಿಯ ಫೋಟೋ ಇತ್ತು. ಊದುಬತ್ತಿ ಇಬ್ಬರಿಗೂ.

ಎಪ್ಪತ್ತಮೂರರ ಜನವರಿಯಲ್ಲಿ ಆ ನಂಬಿಕೆಗೆ ಗ್ರಹಚಾರ ಹಿಡಿಯಿತು.

ಹೋಟೆಲಿದ್ದ ಹಳೇ ಮನೆಯನ್ನು ಕೆಡವಿ ನಾಲ್ಕು ಮಾಳಿಗೆಯ ಬಿಲ್ಡಿಂಗ್ ಕಟ್ಟುತ್ತೇನೆ, ಮಳೆಗಾಲದೊಳಗೆ ಖಾಲಿ ಮಾಡಿ ಅಂತ ಮಾಲೀಕ ಹೇಳಿಬಿಟ್ಟ. ಹನ್ನೊಂದು ಮಂದಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಹದಿನೈದು ದಿನ ಅಲೆದ ಮೇಲೆ ಒಂದು ದಾರಿ ಕಂಡಿತು. ಕಾಂದಿವಲಿಯಲ್ಲಿ ಬಾಟಲಿಯ ಮುಚ್ಚಳ ಮಾಡುವ ಒಂದು ಕಾರ್ಖಾನೆ. ಮುನ್ನೂರು ಮಂದಿ ಕೆಲಸಗಾರರು. ಕ್ಯಾಂಟೀನು ನಡೆಸಲು ಜನ ಬೇಕಾಗಿತ್ತು. ಮ್ಯಾನೇಜರ್ ಸಾಹೇಬರು ಹೇಳಿದ್ದು ಸ್ಪಷ್ಟವಾಗಿತ್ತು: “ಗುರುವಾರ್ ಕೋ ಏಕ್ ದಿನ್ ಖಿಲಾಕೆ ದಿಖಾವ್. ಬಾರಹ್ ಬಜೇ ಕಾ ಮತಲಬ್ ಬಾರಹ್ ಬಜೇ. ಅಚ್ಛಾ ಲಗಾ ತೋ ಕ್ಯಾಂಟೀನ್ ತುಮ್ಹಾರಾ.” ಮುಂದಿನ ವಾರದ ಗುರುವಾರ ಒಂದು ದಿನ ಸರಿಯಾಗಿ ಹನ್ನೆರಡಕ್ಕೆ ಊಟ ಹಾಕಿ ತೋರಿಸಬೇಕು, ಹಿಡಿಸಿದರೆ ಕ್ಯಾಂಟೀನು ದೂಜಣ್ಣನದು.

ಇಷ್ಟಾಗುವಾಗ ದೂಜಣ್ಣನ ಹಳೇ ಅಡುಗೆ ಭಟ್ಟರು ಏನು ಮಾಡಬೇಕು? ನಾಸಿಕದಲ್ಲಿ ಭಾವನ ಜೊತೆ ಪಾಲು ಸೇರಿ ಹೋಟೆಲು ಹಾಕುತ್ತೇನೆ ಅಂತ ಹೆಗಲಿಗೆ ಬೈರಾಸು ಹಾಕಿಕೊಂಡು ಹೊರಟೇ ಹೋದರು! ಉಳಿದ ಇಬ್ಬರು ಸಹಾಯಕರು ದೋಸೆ ಹೊಯ್ಯುತ್ತಿದ್ದರು, ನೂರು ಊಟದ ಸಾಂಬಾರನ್ನೂ ಹೇಗೋ ಸುಧಾರಿಸುತ್ತಿದ್ದರು. ಮುನ್ನೂರು ಅಂದರೆ ಇಬ್ಬರೂ ಗೋಡೆ ನೋಡುತ್ತಿದ್ದರು.

ಆ ಗುರುವಾರಕ್ಕೆ ಹನ್ನೊಂದು ದಿನ. ಹೆಡ್ ಅಡುಗೆಯವ ಬೇಕು ಅನ್ನುವ ಸುದ್ದಿ ಲೋಕಲ್ ಟ್ರೇನು ಹತ್ತಿ ಚರ್ಚ್‌ಗೇಟಿನವರೆಗೂ ಹೋಯಿತು. ದಿನಕ್ಕೆ ನಾಲ್ಕು ಮಂದಿ, ಐದು ಮಂದಿ ಬರತೊಡಗಿದರು. ಎಲ್ಲರೂ ಸರಿಯಾಗಿ ಮಧ್ಯಾಹ್ನ ಹನ್ನೆರಡೂವರೆಗೇ ಬರುತ್ತಿದ್ದುದು ಸೇವಂತಿಗೆ ವಿಚಿತ್ರವಾಗಿ ಕಂಡಿತು. ದೂಜಣ್ಣನಿಗೆ ಕಾಣಲಿಲ್ಲ. ಅವನ ಕಣ್ಣು ವಾಚಿನ ಮೇಲಿತ್ತು.

ಇನ್ನೊಬ್ಬಳಿಗೂ ವಿಚಿತ್ರ ಕಂಡಿತು. ಹಿಂದಿನ ಮೋರಿಯಲ್ಲಿ ಕೂತು ಒಂದೇ ಸಮ ತಾಟು ತೊಳೆಯುತ್ತಿದ್ದ ಸುಂದ್ರವ್ವ. ಕಲಬುರ್ಗಿ ಕಡೆಯವಳು. ಆರು ವರ್ಷದಿಂದ ಅದೇ ಮೋರಿ, ಅದೇ ಬೂದಿ, ಅದೇ ನಾರು. ಹೊರಗೆ ಉಂಡವರ ಮುಖ ಅವಳಿಗೆ ಕಾಣದು. ಅವರು ಉಂಡುಬಿಟ್ಟ ತಾಟು ಮಾತ್ರ ಕಾಣುವುದು.

ಒಂದು ಮಧ್ಯಾಹ್ನ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. “ಧಣ್ಯಾರ, ಒಂದ ಮಾತ ಹೇಳ್ಲೇನ್ರಿ? ಇವತ್ತ ಉಂಡು ಹ್ವಾದವ ಸೋಮವಾರನೂ ಬಂದಿದ್ದ ನೋಡ್ರಿ.”

“ನೀನು ನೋಡಿದ್ಯಾ ಅವನನ್ನು?”

“ಇಲ್ರಿ. ತಾಟ ನೋಡೀನಿ. ಕರಿಬೇವು ಒಂದೊಂದ ಆರಿಸಿ ತಾಟಿನ ಅಂಚಿಗೆ ಗೋಪುರಧಂಗ ಒಟ್ಟಾನ್ರಿ. ಸೋಮವಾರದವನೂ ಹಂಗ ಒಟ್ಟಿದ್ದ. ಇಬ್ಬರೂ ಒಬ್ಬನ.”

ದೂಜಣ್ಣ ನಕ್ಕುಬಿಟ್ಟ. “ಸೋಮವಾರ ಬಂದವನಿಗೆ ಇಷ್ಟು ದಪ್ಪ ಮೀಸೆ ಇತ್ತು. ಇವತ್ತಿನವನಿಗೆ ಮೀಸೆಯೇ ಇಲ್ಲ. ಕರಿಬೇವು ನೋಡಿ ಜನರನ್ನು ಹಿಡಿಯಲಿಕ್ಕೆ ನೀನೇನು ಪೊಲೀಸಾ? ಹೋಗು ಹೋಗು, ಮೋರಿ ನೋಡು.”

ಸುಂದ್ರವ್ವ ಹೋದಳು. ಮರುದಿನ, ಶನಿವಾರ, ಅವಳೇ ಒಬ್ಬನನ್ನು ಕರೆದುಕೊಂಡು ಬಂದಳು. ಐವತ್ತರ ಆಸುಪಾಸು, ಮೋಟು ಧೋತರ, ಹಣೆಯಲ್ಲಿ ವಿಭೂತಿ, ಅಂಗೈಯಲ್ಲಿ ಸಿಮೆಂಟಿನ ಬಿರುಕು. ಹೆಸರು ಅಣವೀರಪ್ಪ. ಅವಳ ಗುಡಿಸಲಿನ ಸಾಲಿನಲ್ಲೇ ಇರುವವನು.

“ನಮ್ಮ ಕಡಿ ಮಠದಾಗ ಇಪ್ಪತ್ತ ವರ್ಷ ದಾಸೋಹದ ಅಡಗಿ ಮಾಡ್ಯಾನ್ರಿ. ಹಬ್ಬಕ್ಕ ಎರಡೆರಡ ಸಾವಿರ ಮಂದಿಗಿ ಮಾಡಿ ಹಾಕಿದ ಕೈ. ಹೊಸಾ ಸ್ವಾಮಿಗೋಳು ಬಂದು ಹೊಸಾ ಅಡಗಿಯವರ್ನ ಇಟಗೊಂಡ್ರು. ಈಗ ಕಾಂದಿವಲಿಯೊಳಗ ಕಾಲೋನಿ ಕಟ್ಟಾಕತ್ತಾರಲ್ರಿ, ಅಲ್ಲಿ ಇಟ್ಟಂಗಿ ಹೊರ್ತಾನ.”

“ಆಗಲಿ,” ಅಂದ ದೂಜಣ್ಣ. “ಕೂತ್ಕೊಳ್ಳಿ. ಊಟ ಮಾಡಿ.”

ತಾಟು ಬಂತು. ವಾಚು ಬಿಚ್ಚಿದ್ದಾಯಿತು. ಅಣವೀರಪ್ಪ ತಾಟಿಗೆ ಕೈಮುಗಿದ. ಸಾಂಬಾರಿನ ಎರಡು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ. “ಬ್ಯಾಳಿ ಇನ್ನೊಂದ ಕುದಿ ಬೇಕಾಗಿತ್ತು,” ಅಂತ ತನ್ನಷ್ಟಕ್ಕೇ ಅಂದ. ಆಮೇಲೆ ತುಂಬಿದ ಹೋಟೆಲನ್ನು ಒಮ್ಮೆ ಸುತ್ತ ನೋಡಿ ಕೈ ಮಡಿಲಲ್ಲಿಟ್ಟು ಕೂತುಬಿಟ್ಟ!

ಒಂದು ನಿಮಿಷ. ಎರಡು. ಮೂರು.

“ಉಣ್ಣುವುದಿಲ್ಲವಾ?”

“ಆಮ್ಯಾಲ ಉಣ್ತೀನ್ರಿ.”

ಐದು. ಆರು. ಅನ್ನದ ಮೇಲಿನ ಹಬೆ ನಿಂತಿತು. ಏಳು. ದೂಜಣ್ಣ ಇಷ್ಟು ವರ್ಷದಲ್ಲಿ ನಿಧಾನವಾಗಿ ಉಂಡವರನ್ನು ನೋಡಿದ್ದ, ಉಗುಳಿದವರನ್ನು ನೋಡಿದ್ದ, ಅರ್ಧ ಉಂಡು ನಿದ್ದೆ ಹೋದವನನ್ನೂ ನೋಡಿದ್ದ. ತಾಟು ಮುಟ್ಟದೆ ಕೂತವನನ್ನು ನೋಡಿದ್ದು ಇದೇ ಮೊದಲು. ವಾಚು ಕಟ್ಟಿಕೊಳ್ಳುತ್ತ ಎದ್ದ.

“ಆಮೇಲೆ ಅನ್ನುವವ ನನಗೆ ಬೇಡ. ಮುನ್ನೂರು ಮಂದಿ ಕಾಯುವಾಗಲೂ ಆಮೇಲೆ ಅಂದರೆ ನನ್ನ ಗತಿ ಎಂತ?”

ಅಣವೀರಪ್ಪ ಎದ್ದು ಕೈಮುಗಿದು ಹೊರಟ. ಸುಂದ್ರವ್ವನ ಮುಖ ಕೆಂಪಗಾಗಿತ್ತು. “ಎರಡ ಸಾವಿರ ಮಂದಿಗಿ ಉಣ್ಣಾಕ ಹಾಕಿದಾಂವ್ರಿ ಅಂವ.”

“ಒಂದು ತಾಟು ಉಣ್ಣಲಿಕ್ಕೆ ಆಗುವುದಿಲ್ಲ, ಎರಡು ಸಾವಿರದ ಕಥೆ ಹೇಳ್ತಾಳೆ.”

ಮಂಗಳವಾರ ಬಂದ ಸದಾನಂದ! ಕನ್ನಡಕ, ನೀಟಾಗಿ ಬಾಚಿದ ತಲೆ, ಕಾರ್ಕಳದ ಹತ್ತಿರ ಮನೆ, ಫೋರ್ಟಿನ ದೊಡ್ಡ ಹೋಟೆಲಿನಲ್ಲಿ ಆರು ವರ್ಷ ಹೆಡ್ ಅಡುಗೆ. ತಾಟು ಬಂದದ್ದು ಗೊತ್ತು. ಆಮೇಲೆ ಏನಾಯಿತು ಅಂತ ದೂಜಣ್ಣನಿಗೆ ಸರಿಯಾಗಿ ಹೇಳಲಿಕ್ಕೇ ಬರುತ್ತಿರಲಿಲ್ಲ. ಅನ್ನ ಸಾಂಬಾರು ಒಂದಾಯಿತು, ಕೈ ಮೇಲೆ ಹೋಯಿತು ಕೆಳಗೆ ಬಂತು, ಹಪ್ಪಳ ಮುರಿದ ಸದ್ದು ಒಂದೇ ಒಂದು ಸಲ, ಮಜ್ಜಿಗೆ ಗಟಗಟ, ಮುಗಿಯಿತು. ದೂಜಣ್ಣ ವಾಚನ್ನು ಕಿವಿಗೆ ಹಿಡಿದು ನೋಡಿದ, ನಿಂತುಹೋಗಿದೆಯೇನೋ ಅಂತ. ನಡೆಯುತ್ತಿತ್ತು. ನಾಲ್ಕೂವರೆ ನಿಮಿಷ!

“ಸೇವಂತೀ!” ಅಂತ ಕೂಗಿದ. “ನಾಲ್ಕೂವರೆ! ಧರ್ಮಣ್ಣ ಧಣಿ ಸಹ ಇಂಥವನನ್ನು ನೋಡಿರಲಿಕ್ಕಿಲ್ಲ!” ಗುರುವಾರ ನೇರ ಕಾಂದಿವಲಿಗೇ ಬಾ ಅಂತ ಅವನಿಗೆ ಹೇಳಿ ಕಳಿಸಿದ.

ಮೋರಿಯಲ್ಲಿ ಸುಂದ್ರವ್ವ ಬಂದ ತಾಟು ನೋಡಿದಳು. ಅಂಚಿನಲ್ಲಿ ಕರಿಬೇವಿನ ಗೋಪುರ. ಅವಳು ಹಣೆ ಚಚ್ಚಿಕೊಂಡಳು. ಹೇಳಲಿಲ್ಲ. ಪೊಲೀಸಾ ಅಂತ ಕೇಳಿಸಿಕೊಂಡದ್ದು ಒಂದು ಸಲ ಸಾಕಾಗಿತ್ತು.

ಗುರುವಾರ ಬೆಳಿಗ್ಗೆ ಏಳಕ್ಕೇ ಸದಾನಂದ, ಇಬ್ಬರು ಸಹಾಯಕರು, ಪಾತ್ರೆ ತೊಳೆಯಲು ಸುಂದ್ರವ್ವ ಕಾಂದಿವಲಿಯ ಕಾರ್ಖಾನೆ ಸೇರಿದರು. ತರಕಾರಿಯ ಗಾಡಿ ಹಿಡಿದುಕೊಂಡು ದೂಜಣ್ಣ ಎಂಟೂವರೆಗೆ ಬಂದ. ಒಲೆಗಳು ಉರಿಯುತ್ತಿವೆಯೇನೋ, ಬೇಳೆ ಕುದಿಯುತ್ತಿದೆಯೇನೋ ಅಂತ ಖುಷಿಯಲ್ಲಿ ಒಳಗೆ ಕಾಲಿಟ್ಟರೆ, ಒಂದು ಒಲೆಯೂ ಹತ್ತಿರಲಿಲ್ಲ. ನೀರಿನ ಹಂಡೆಯಷ್ಟು ದೊಡ್ಡ ಪಾತ್ರೆಯ ಮುಂದೆ ಸದಾನಂದ ಕೈಕಟ್ಟಿ ನಿಂತಿದ್ದ. ಕನ್ನಡಕದೊಳಗೆ ಕಣ್ಣು ತುಂಬಿತ್ತು.

“ಎಂತ ಆಯ್ತಾ?”

“ಧಣಿ,” ಅಂದ ಸದಾನಂದ ಮೆಲ್ಲಗೆ, “ಮೊದಲು ಅಕ್ಕಿ ಹಾಕಿ ಆಮೇಲೆ ನೀರು ಹಾಕುವುದಾ, ನೀರು ಹಾಕಿ ಆಮೇಲೆ ಅಕ್ಕಿಯಾ?”

ದೂಜಣ್ಣನ ಕೈಯಲ್ಲಿದ್ದ ಕುಂಬಳಕಾಯಿ ಜಾರಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

“ಫೋರ್ಟಿನ ಹೋಟೆಲು?”

“ಅದರ ಎದುರಿನ ಫುಟ್‌ಪಾತಿನಲ್ಲಿ ನಾನು ಛತ್ರಿ ರಿಪೇರಿ ಮಾಡುವುದು.”

“ಛತ್ರಿ!”

“ಮಳೆ ನಿಂತ ಮೇಲೆ ಛತ್ರಿಗೆ ಯಾರು ಬರ್ತಾರೆ ಧಣಿ? ಗೋರೆಗಾಂವಿನಲ್ಲಿ ಒಬ್ಬರು ಧಣಿ ಕೆಲಸ ಕೇಳಿದವರಿಗೆ ಊಟ ಹಾಕ್ತಾರೆ ಅಂತ ಫುಟ್‌ಪಾತಿನಲ್ಲೆಲ್ಲ ಫೇಮಸ್ ಆಗಿದೆ. ಮೂರು ಸಲ ಬಂದೆ. ಒಮ್ಮೆ ಮೀಸೆ ಇತ್ತು, ಒಮ್ಮೆ ಬೋಳಿಸಿದ್ದೆ, ಮೊನ್ನೆ ಈ ಕನ್ನಡಕ, ದೋಸ್ತನದ್ದು. ಮೊದಲ ಸಲ ಒಂಬತ್ತು ನಿಮಿಷ, ಎರಡನೇ ಸಲ ಎಂಟು. ಮೊನ್ನೆ ಹಸಿವು ಸ್ವಲ್ಪ ಜಾಸ್ತಿ ಇತ್ತು. ಕೆಲಸ ಕೊಟ್ಟೇ ಬಿಡ್ತೀರಿ ಅಂತ ಯಾರಿಗೆ ಗೊತ್ತಿತ್ತು?”

ದೂಜಣ್ಣ ಅಕ್ಕಿಮೂಟೆಯ ಮೇಲೆ ಕುಸಿದು ಕೂತ. ಸಿಟ್ಟು ಬರಬೇಕಾಗಿತ್ತು, ಅದೂ ಬರಲಿಲ್ಲ. ಮುನ್ನೂರು ಮಂದಿ, ಹನ್ನೆರಡು ಗಂಟೆ. ಕ್ಯಾಂಟೀನು ಹೋದರೆ ಮಳೆಗಾಲಕ್ಕೆ ಹನ್ನೊಂದು ಮಂದಿ ಬೀದಿಯಲ್ಲಿ. ಗೋಡೆಯ ಗಡಿಯಾರದಲ್ಲಿ ಎಂಟೂ ಮೂವತ್ತೆಂಟು.

“ಧಣ್ಯಾರ.”

ಸುಂದ್ರವ್ವ ಎದುರಿಗೆ ನಿಂತಿದ್ದಳು. “ಅಣವೀರಪ್ಪ ಇಲ್ಲೇ ಅದಾನ್ರಿ. ಈ ರಸ್ತಾದ ತುದಿಗೇ ಕಾಲೋನಿ. ಕರೀಲೇನ್ರಿ?”

“ಬರ್ತಾನಾ?” ದೂಜಣ್ಣ ಮೂಟೆಯಿಂದ ಅರ್ಧ ಎದ್ದ. “ಶನಿವಾರ ನಾನು ಅಂದದ್ದು ಕೇಳಿಯೂ?”

“ನಿಮ್ಮ ಸಲುವಾಗಿ ಬರ್ತಾನೋ ಇಲ್ಲೋ ಗೊತ್ತಿಲ್ರಿ. ಮುನ್ನೂರ ಮಂದಿ ಉಪಾಸ ಅಂದ್ರ ಓಡಿ ಬರ್ತಾನ.”

ಓಡಿಯೇ ಬಂದ! ಮೈಮೇಲೆಲ್ಲ ಇಟ್ಟಿಗೆಯ ಕೆಂಪು ಧೂಳು. ನಲ್ಲಿಯ ಕೆಳಗೆ ತಲೆಯೊಡ್ಡಿ ಮೈ ತೊಳೆದುಕೊಂಡ, ವಿಭೂತಿ ಹಚ್ಚಿದ, ಆರಿದ ಒಲೆಗಳಿಗೆ ಕೈಮುಗಿದ. ದೂಜಣ್ಣನ ಕಡೆ ತಿರುಗಿ ಕೇಳಿದ್ದು ಒಂದೇ.

“ಹುಣಸಿಹಣ್ಣ ನೆನಿ ಹಾಕೀರೇನ್ರಿ?”

“ಇಲ್ಲ.”

“ನಡೀಲಿ. ಟೊಮ್ಯಾಟಿ ಅದಾವಲ್ಲ.”

ಅಲ್ಲಿಂದ ಮುಂದೆ ದೂಜಣ್ಣ ನೋಡಿದ್ದು ಅಡುಗೆಯೋ ಸೈನ್ಯವೋ! ಅಣವೀರಪ್ಪ ಒಂದು ಸಲವೂ ದನಿ ಎತ್ತಲಿಲ್ಲ, ಒಂದು ಸಲವೂ ಓಡಲಿಲ್ಲ. ನಾಲ್ಕೂ ಒಲೆಗೆ ಒಟ್ಟಿಗೇ ಬೆಂಕಿ ಬಿತ್ತು. ಎಸರಿಗೆ ಒಂದು, ಬೇಳೆಗೆ ಒಂದು, ಪಲ್ಯಕ್ಕೆ ಒಂದು, ಬಿಸಿನೀರು ಸದಾ ಸಿದ್ಧವಿರಲಿ ಅಂತ ಇನ್ನೊಂದು. ಬೇಳೆಗೆ ಅರಿಸಿನವೂ ಒಂದು ಸೌಟು ಎಣ್ಣೆಯೂ ಬಿದ್ದು ಅದು ಬೆಣ್ಣೆಯ ಹಾಗೆ ಬೆಂದಿತು. ಬೆಂದ ಅನ್ನವನ್ನು ದೊಡ್ಡ ಬುಟ್ಟಿಗೆ ಸುರಿದು, ಗಂಜಿ ಬಸಿದು, ತೊಳೆದ ಬಿಳಿ ಬಟ್ಟೆಯ ಮೇಲೆ ಗುಡ್ಡೆ ಹಾಕಿ, ಮೇಲೊಂದು ಬಟ್ಟೆ ಮುಚ್ಚಿಸಿದ. ಮಲ್ಲಿಗೆ ಮೊಗ್ಗಿನ ರಾಶಿ ಅಂದುಕೊಳ್ಳಬೇಕು ಹಾಗೆ. ಅಳತೆಯ ಪಾತ್ರೆ ಎಲ್ಲೂ ಇಲ್ಲ. ಉಪ್ಪು ಮುಷ್ಟಿಯಲ್ಲಿ, ಖಾರ ಬೊಗಸೆಯಲ್ಲಿ. ಒಡೆದ ಕುಂಬಳಕಾಯಿಯೂ ಹಾಳಾಗಲಿಲ್ಲ, ಸಾಂಬಾರಿಗೆ ಹೋಯಿತು. ಛತ್ರಿಯ ಸದಾನಂದನನ್ನು ಎಲೆಕೋಸು ಹೆಚ್ಚಲು ಕೂರಿಸಿದರೆ, ಕಡ್ಡಿ ತಂತಿ ಹಿಡಿದು ಪಳಗಿದ ಬೆರಳಲ್ಲವೇ, ನೂಲಿನ ಹಾಗೆ ಹೆಚ್ಚಿ ಗುಡ್ಡೆ ಹಾಕಿದ!

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಒಗ್ಗರಣೆ ಚೊಂಯ್ ಅಂದಿತು. ಹನ್ನೆರಡಕ್ಕೆ ಕಾರ್ಖಾನೆಯ ಭೋಂಗಾ ಕೂಗಿತು. ಮುನ್ನೂರು ಮಂದಿ ನುಗ್ಗಿದರು.

ಮರಾಠಿಯವರು, ಗುಜರಾತಿಯವರು, ಉತ್ತರದ ಭಯ್ಯಾಗಳು, ನಮ್ಮ ಕಡೆಯವರು. ದೂಜಣ್ಣ ಒಂದು ಮೂಲೆಯಲ್ಲಿ ನಿಂತ. ಮೊದಲು ಗದ್ದಲ. ಆಮೇಲೆ ಒಮ್ಮೆಲೇ ಗದ್ದಲ ನಿಂತಿತು. ಅಯ್ಯೋ, ಯಾಕೆ ಯಾರೂ ಮಾತಾಡುವುದಿಲ್ಲ? ಇಣುಕಿ ನೋಡಿದರೆ ಎಲ್ಲರ ಬಾಯಿ ತುಂಬಿತ್ತು. ಸದಾನಂದ ಬಕೆಟ್ಟು ಹಿಡಿದು ಸಾಲುಗಳ ನಡುವೆ ಮಿಂಚಿನ ಹಾಗೆ ಓಡಾಡುತ್ತಿದ್ದ. ಒಂದು ಹನಿ ಚೆಲ್ಲಲಿಲ್ಲ, ಒಬ್ಬನೂ ಎರಡನೇ ಸಲ ಕೂಗಬೇಕಾಗಲಿಲ್ಲ. ಮ್ಯಾನೇಜರ್ ಸಾಹೇಬರು ಮೂರನೇ ಸಲ ಸಾಂಬಾರು ಹಾಕಿಸಿಕೊಂಡು, ಬೆರಳು ನೆಕ್ಕಿ, ಯಾರಾದರೂ ನೋಡಿದರೇನೋ ಅಂತ ಸುತ್ತ ಕಣ್ಣು ಹಾಯಿಸಿದರು. “ದೂಜಾ ಸೇಠ್, ಪಹಿಲೀ ತಾರೀಖ್ ಸೇ ಶುರೂ ಕರೋ. ಲೇಕಿನ್ ಖಾನಾ ಯಹೀ ಆದ್ಮೀ ಬನಾಯೇಗಾ. ದೂಸರಾ ನಹೀಂ.” ಒಂದನೇ ತಾರೀಕಿನಿಂದ ಶುರು, ಆದರೆ ಅಡುಗೆಗೆ ಈ ಮನುಷ್ಯನೇ ಬೇಕು!

ದೂಜಣ್ಣ ಅಡುಗೆಮನೆಗೆ ಓಡಿ ಬಂದು ಅಣವೀರಪ್ಪನ ಎರಡೂ ಕೈ ಹಿಡಿದುಕೊಂಡ. “ಬನ್ನಿ, ಕೂತ್ಕೊಳ್ಳಿ. ಬೆಳಿಗ್ಗೆಯಿಂದ ನೀರು ಸಹ ಕುಡಿಯಲಿಲ್ಲ ನೀವು. ಊಟ ಮಾಡಿ.”

“ಆಮ್ಯಾಲ ಉಣ್ತೀನ್ರಿ.”

ಮತ್ತೆ ಅದೇ ಮಾತು! ದೂಜಣ್ಣ ಬೆಚ್ಚಿದ. “ಇನ್ನು ಯಾವಾಗ? ಮುನ್ನೂರೂ ಎದ್ದಾಯ್ತಲ್ಲ.”

“ಗೇಟಿನ ಕಾವಲಿನಾಂವ ಉಂಡಿಲ್ರಿ ಇನ್ನಾ.”

ಕಾವಲಿನವನ ಪಾಳಿ ಬದಲಾಗಿ ಅವನು ಬಂದು ಉಂಡು ಎದ್ದದ್ದು ಎರಡೂಕಾಲಿಗೆ. ಅಲ್ಲಿಯವರೆಗೆ ಅಣವೀರಪ್ಪ ಒಲೆಯ ಪಕ್ಕ ಸುಮ್ಮನೆ ಕೂತಿದ್ದ. ದೂಜಣ್ಣನಿಗೆ ತಡೆಯಲಾಗಲಿಲ್ಲ.

“ಶನಿವಾರವೂ ಇದಕ್ಕೇನಾ?”

“ಹೌದಲ್ರಿ. ನಿಮ್ಮ ಹೋಟೆಲಿನ್ಯಾಗ ಅವತ್ತ ಇನ್ನಾ ಹದಿನಾರ ಮಂದಿ ಉಣ್ಣಾಕತ್ತಿದ್ರು. ಇಬ್ಬರು ಬಾಗಿಲದಾಗ ನಿಂತಿದ್ರು. ನಾ ಅಡಗಿ ಮಾಡಾಂವ ಅಂತ ಹೇಳಿ ಬಂದೀನಿ. ಪಂಕ್ತಿ ಏಳೂಕಿಂತ ಮದಲ ಅಡಗಿಯಾಂವ ಉಂಡ್ರ ಹ್ಯಾಂಗ್ರಿ? ದಾಸೋಹದಾಗ ಹಂಗ ಮಾಡಿದ್ರ ಸೌಟ ಕಸಗೊಂಡು ಹೊರಗ ಹಾಕ್ತಿದ್ರು.”

“ಹೇಳಬಾರದಿತ್ತಾ ಮಾರಾಯ್ರೆ!”

“ನೀವು ಹೋಟೆಲ್ ನಡಸಾವ್ರು. ನಿಮಗ ಗೊತ್ತಿರ್ತದ ಅಂದಕೊಂಡ್ನಿರಿ.”

ದೂಜಣ್ಣನ ಮುಖಕ್ಕೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ತಾಟು ತಾನೇ ಹಾಕಿದ, ತಾನೇ ಬಡಿಸಿದ. ಅಭ್ಯಾಸಬಲ ನೋಡಿ, ಕೈ ತನ್ನಷ್ಟಕ್ಕೇ ವಾಚಿಗೆ ಹೋಯಿತು. ಅಣವೀರಪ್ಪ ಒಂದೊಂದು ತುತ್ತನ್ನೂ ಕಲಸಿ, ಜಗಿದು, ನಡುವೆ ನಿಲ್ಲಿಸಿ, ತಾಟಿನಲ್ಲಿ ಒಂದು ಅಗುಳೂ ಉಳಿಯದ ಹಾಗೆ ಉಂಡು ಮುಗಿಸಿದಾಗ ನಲವತ್ತೆರಡು ನಿಮಿಷ!

ಆ ಭಾನುವಾರ ದೂಜಣ್ಣ ಒಂದು ಕಿಲೋ ಪೇಢಾ ಕಟ್ಟಿಸಿಕೊಂಡು, ಸೇವಂತಿಯನ್ನೂ ಕರೆದುಕೊಂಡು ಮಾಟುಂಗಕ್ಕೆ ಹೋದ. ಧರ್ಮಣ್ಣ ಧಣಿ ಹೋಟೆಲು ಮಗನಿಗೆ ಬಿಟ್ಟು ಮನೆಯಲ್ಲಿದ್ದರು. ಎಂಬತ್ತು ದಾಟಿದರೂ ಕಿವಿ ಚುರುಕು. ದೂಜಣ್ಣ ಕಾಲಿಗೆ ಬಿದ್ದು, ಕ್ಯಾಂಟೀನು ಸಿಕ್ಕಿದ್ದು ಹೇಳಿ, ಕೊನೆಗೆ ತಪ್ಪೊಪ್ಪಿಕೊಳ್ಳುವವನ ಹಾಗೆ ತಲೆ ತಗ್ಗಿಸಿದ.

“ಒಂದು ಕೆಟ್ಟ ಸುದ್ದಿಯೂ ಉಂಟು ಧಣಿ. ನಿಮ್ಮ ಪರೀಕ್ಷೆ ಈ ಸಲ ಫೇಲಾಯ್ತು.”

“ನನ್ನ ಪರೀಕ್ಷೆಯಾ? ಯಾವ ಪರೀಕ್ಷೆ?”

“ಅದೇ ಧಣಿ. ಏಳು ನಿಮಿಷದ್ದು. ಐವತ್ತೊಂದರಲ್ಲಿ ನೀವು ನನಗೆ ಊಟ ಹಾಕಿಸಿ, ಗಡಿಯಾರ ಹಿಡಿದು…”

ಧರ್ಮಣ್ಣ ಧಣಿ ಪೇಢಾ ಬಾಯಿಯ ಹತ್ತಿರ ಹಿಡಿದು ಯೋಚನೆ ಮಾಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

“ಅಯ್ಯೋ ದೂಜಾ! ನನಗೆ ಅವತ್ತು ಮಧ್ಯಾಹ್ನ ಒಂದು ಹತ್ತರ ಲೋಕಲ್ ಹಿಡಿಯಲಿಕ್ಕಿತ್ತು ಮಾರಾಯ! ದಾದರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ, ನನ್ನ ಮಗನಿಗೆ. ನೀನು ಏಳುವುದನ್ನೇ ಕಾಯ್ತಾ ಇದ್ದೆ. ಟ್ರೇನಿಗೆ ಏಳು ನಿಮಿಷ ಉಂಟು, ಪರವಾಗಿಲ್ಲ ಅಂದಿರಬೇಕು!”

ದೂಜಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. ಇಪ್ಪತ್ತೆರಡು ವರ್ಷ! ಎಷ್ಟು ಮಂದಿಯ ಗಂಟಲು ನೋಡಿದ್ದ, ಎಷ್ಟು ಮಂದಿಯನ್ನು ಎಂಟನೇ ನಿಮಿಷಕ್ಕೆ ಎಬ್ಬಿಸಿ ಕಳಿಸಿದ್ದ!

“ಹಾಗಾದರೆ ನನ್ನನ್ನು ಯಾಕೆ ತೆಗೊಂಡದ್ದು?”

“ಯಾಕೆ ಅಂದರೆ? ಬೆಳಿಗ್ಗೆ ತಾಟು ತೊಳೆಯುವವ ಓಡಿಹೋಗಿದ್ದ. ನೀನು ಬಾಗಿಲಲ್ಲಿ ನಿಂತಿದ್ದಿ. ಎರಡು ದಿನದಿಂದ ಉಂಡವನ ಹಾಗೆ ಕಾಣಲಿಲ್ಲ. ಊಟ ಹಾಕದೆ ಕೆಲಸ ಹೇಳುವುದು ಹೇಗೆ?”

ಸೇವಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುವನ್ನು ಗೋರೆಗಾಂವಿನವರೆಗೂ ತಡೆದುಕೊಂಡು ಬಂದಳು. ಸ್ಟೇಷನ್ನಿನ ಮೆಟ್ಟಿಲಿನ ಮೇಲೆ ಅವಳಿಗೆ ಬೇರೆಯೇ ಒಂದು ಹೊಳೆಯಿತು, ನಿಂತಳು.

“ಹೌದಾ, ಒಂದು ಕೇಳ್ತೇನೆ. ಸುಂದ್ರವ್ವ ಎಷ್ಟು ನಿಮಿಷದಲ್ಲಿ ಉಂಡಿದ್ದಳು?”

ದೂಜಣ್ಣನೂ ನಿಂತ. ಹಿಂದಿನಿಂದ ಇಳಿಯುತ್ತಿದ್ದ ಜನ ಬೈಯುತ್ತ ಪಕ್ಕಕ್ಕೆ ಹೋದರು. ಸುಂದ್ರವ್ವ ಬಂದ ದಿನ ಅವನಿಗೆ ಈಗ ನೆನಪಾಯಿತು. ಮೋರಿ ಕಟ್ಟಿಕೊಂಡು ನೀರು ಹೊರಗೆ ಬರುತ್ತಿತ್ತು, ತಾಟುಗಳು ಗುಡ್ಡೆ ಬಿದ್ದಿದ್ದವು. ಯಾರೋ ಹೆಂಗಸು ಕೆಲಸ ಕೇಳಲು ಬಾಗಿಲಿಗೆ ಬಂದವಳು ಕೇಳುವುದನ್ನೇ ಬಿಟ್ಟು ಸೀರೆ ಎತ್ತಿಕಟ್ಟಿ, ಮೋರಿಯೊಳಗೆ ಕೈ ಹಾಕಿ ಕಸ ಎಳೆದು, ಅಲ್ಲೇ ಕೂತು ತೊಳೆಯಲು ಶುರು ಮಾಡಿದ್ದಳು. ಯಾರೂ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿರಲೇ ಇಲ್ಲ. ಯಾರೂ ಅವಳಿಗೆ ಕೂತ್ಕೊ, ಊಟ ಮಾಡು ಅಂದಿರಲಿಲ್ಲ. ಆರು ವರ್ಷದಿಂದ ಅವಳು ಮೋರಿಯ ಪಕ್ಕ ನೆಲದ ಮೇಲೆಯೇ ಉಣ್ಣುತ್ತಿದ್ದಳು.

ಮರುದಿನ ಹನ್ನೆರಡೂವರೆಗೆ ದೂಜಣ್ಣ ಮೋರಿಯ ಬಾಗಿಲಿಗೆ ಬಂದ.

“ಸುಂದ್ರವ್ವಾ, ಕೈ ತೊಳೆದು ಈಚೆ ಬಾ. ಕೂತ್ಕೊ. ಊಟ ಮಾಡು.”

ಸುಂದ್ರವ್ವ ಹೆದರಿದಳು. ಆ ಮಾತು ಯಾರಿಗೆ ಯಾವಾಗ ಹೇಳುತ್ತಾರೆ ಅಂತ ಅವಳಿಗೆ ಗೊತ್ತಿತ್ತು. “ನಾ ಏನ ತಪ್ಪ ಮಾಡೀನ್ರಿ ಧಣ್ಯಾರ? ಈಗ ಪರೀಕ್ಷಾ ಯಾಕ್ರಿ?”

“ಪರೀಕ್ಷೆ ಇಲ್ಲ. ಇನ್ನು ಮೇಲೆ ಕೆಲಸಕ್ಕೆ ಯಾರು ಬಂದರೂ ಅವರ ತಾಟು ನೀನು ನೋಡಬೇಕು, ನೋಡಿ ನನಗೆ ಹೇಳಬೇಕು. ಕ್ಯಾಂಟೀನಿಗೆ ಇನ್ನೂ ಆರು ಮಂದಿ ಬೇಕು. ಸಂಬಳ ಆಮೇಲೆ ಮಾತಾಡುವಾ. ಮೊದಲು ಕೂತ್ಕೊ.”

ಕಿಟಕಿಯ ಪಕ್ಕದ ಟೇಬಲಿನಲ್ಲಿ ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಈಗ ಸಪ್ಲೈಯರ್ ಆಗಿದ್ದ ಸದಾನಂದ ಬಕೆಟ್ಟು ತಂದ. ಅವಳು ಅವನನ್ನು ಓರೆಗಣ್ಣಲ್ಲಿ ನೋಡಿ, “ಕರಿಬೇವ ತಿನ್ನಾಕ ಕಲಿಯೋ ಮದ್ಲ,” ಅಂದಳು. ಅವನು ಹಲ್ಲು ಕಿರಿದ. ದೂಜಣ್ಣ ತಾನೇ ಬಡಿಸಿದ, ಅನ್ನ, ಸಾಂಬಾರು, ಪಲ್ಯ, ಹಪ್ಪಳ. ಬಡಿಸಿ ಎದುರಿನ ಕುರ್ಚಿ ಎಳೆದುಕೊಂಡು ಕೂತ. ಕೈ ವಾಚಿಗೆ ಹೋಯಿತು. ಬಿಚ್ಚಿದ. ಉಪ್ಪಿನ ಬಟ್ಟಲಿನ ಹತ್ತಿರ ಇಡಲು ಹೋಗಿ ನಾಚಿ ಜೇಬಿಗೆ ಹಾಕಿಕೊಂಡ. ಆದರೆ ಕಣ್ಣು? ಅದಕ್ಕೆ ಏಳು ವರ್ಷದ ಚಾಳಿ.

ಸುಂದ್ರವ್ವ ತುತ್ತು ಕಲಸಿದಳು. ಎತ್ತಿದಳು. ಬಾಯಿಯವರೆಗೆ ತಂದು ಮತ್ತೆ ತಾಟಿಗೆ ಇಳಿಸಿದಳು.

“ಯಾಕೆ? ಉಪ್ಪು ಕಮ್ಮಿಯಾ?”

“ಉಪ್ಪ ಬರೋಬ್ಬರಿ ಅದ. ನೀವು ಎದ್ದು ಗಲ್ಲಾ ಮ್ಯಾಲ ಕೂಡ್ರಿ ಧಣ್ಯಾರ. ಹಿಂಗ ದಿಟ್ಟಿಸಿ ನೋಡಕೋತ ಕುಂತ್ರ ಯಾರ ಗಂಟಲದಾಗರ ತುತ್ತ ಇಳೀತದೇನ್ರಿ?”